ಗುಡ್ಡ ಮರೆತದ್ದನ್ನು ಬರೆದಿಟ್ಟವರು

ಗೂಗಲ್ ಅರ್ಥ್ ಪ್ರೊ ತೆರೆದು ಮಡಿಕೇರಿ ಹುಡುಕಿ. ಅಲ್ಲಿಂದ ಮಂಗಳೂರು ರಸ್ತೆ ಹಿಡಿದು ಜೋಡುಪಾಲದ ಕಡೆಗೆ ನಿಧಾನಕ್ಕೆ ಇಳಿಯಿರಿ. ಮೇಲಿರುವ ಗಡಿಯಾರದ ಚಿಹ್ನೆ ಒತ್ತಿದರೆ ಹಳೆಯ ವರ್ಷಗಳ ಚಿತ್ರಗಳು ಒಂದೊಂದಾಗಿ ಬರುತ್ತವೆ. 2018ರ ಆಗಸ್ಟಿಗೆ ಮೊದಲಿನ ಚಿತ್ರಗಳಲ್ಲಿ ಗುಡ್ಡವೆಲ್ಲ ಹಸಿರು. ಆಮೇಲಿನ ಚಿತ್ರಗಳಲ್ಲಿ ಅದೇ ಗುಡ್ಡದ ಮೈಮೇಲೆ ಯಾರೋ ಉಗುರಿನಿಂದ ಪರಚಿದ ಹಾಗೆ ಉದ್ದುದ್ದ ಕೆಂಪು ಗೀರುಗಳು. ಇನ್ನೂ ನಾಲ್ಕೈದು ವರ್ಷ ಮುಂದೆ ಬನ್ನಿ, ಗೀರುಗಳು ಮಾಸುತ್ತಾ ಹೋಗುತ್ತವೆ. ಕೊಡಗಿನ ಮಳೆಗೆ ಬರಿ ಮಣ್ಣು ಬಹಳ ದಿನ ಬರಿಯಾಗಿ ಇರುವುದಿಲ್ಲ. ಮೊದಲು ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ. ಇನ್ನೊಂದಿಷ್ಟು ಮಳೆಗಾಲ ಕಳೆದರೆ ಆ ಊರಿಗೆ ಹೊಸದಾಗಿ ಬಂದವರಿಗೆ ಅಲ್ಲಿ ಏನಾಗಿತ್ತು ಅಂತ ಗೊತ್ತಾಗುವುದೇ ಇಲ್ಲ. ಅಲ್ಲೇ ನಿಂತು 'ವ್ಯಾಲಿ ವ್ಯೂ ಚೆನ್ನಾಗಿದೆ' ಅಂದುಕೊಳ್ಳುತ್ತಾರೆ.

ಗುಡ್ಡಕ್ಕೆ ಮರೆವು ಜಾಸ್ತಿ. ಆದರೆ ಒಮ್ಮೆ ಜಾರಿದ ಜಾಗ ಮತ್ತೆ ಜಾರುವ ಸಾಧ್ಯತೆ ಹೆಚ್ಚು ಅನ್ನುವುದು ಭೂವಿಜ್ಞಾನಿಗಳ ಅತ್ಯಂತ ಹಳೆಯ ಪಾಠಗಳಲ್ಲಿ ಒಂದು. ಹಾಗಾಗಿ ಮುಂದಿನ ಕುಸಿತ ಎಲ್ಲಿ ಅಂತ ಊಹಿಸಬೇಕಾದರೆ ಹಿಂದಿನವು ಎಲ್ಲೆಲ್ಲಿ ಆದವು ಅನ್ನುವ ಪಟ್ಟಿ ಬೇಕು. ಮಲೆನಾಡಿನವರು 'ಧರೆ ಕುಸೀತು', ಕೊಡಗಿನವರು 'ಬರೆ ಜಾರಿತು' ಅಂತ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದದ್ದನ್ನು ಅಕ್ಷಾಂಶ ರೇಖಾಂಶದ ಸಮೇತ ಬರೆದಿಡಬೇಕು. ಉಪಗ್ರಹ ಮತ್ತು ಜಿಐಎಸ್ ಮಾಡುತ್ತಿರುವುದು ಮುಖ್ಯವಾಗಿ ಈ ದಫ್ತರಿನ ಕೆಲಸ. ಟೀವಿಯವರು ಹೇಳುವ ಹಾಗೆ ಭವಿಷ್ಯ ಹೇಳುವ ಕಣ್ಣೇನೂ ಅದಲ್ಲ. ಈ ದಫ್ತರು ನಮ್ಮ ದೇಶದಲ್ಲಿ ಹೇಗೆ ಬೆಳೆಯಿತು ಅನ್ನುವ ಕತೆ ಸ್ವಾರಸ್ಯವಾಗಿದೆ, ಸ್ವಲ್ಪ ಸಿಟ್ಟೂ ಬರಿಸುತ್ತದೆ.

ಕತೆಯನ್ನು ಉಪಗ್ರಹದಿಂದ ಶುರು ಮಾಡಿದರೆ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ಅದಕ್ಕೇ 1893ಕ್ಕೆ ಹೋಗೋಣ.

ಆ ವರ್ಷದ ಸೆಪ್ಟೆಂಬರಿನಲ್ಲಿ ಗಢವಾಲದ ಗೋಹ್ನಾ ಅನ್ನುವ ಹಳ್ಳಿಯ ಹತ್ತಿರ ಒಂದು ಬೆಟ್ಟದ ಪಕ್ಕೆಯೇ ಕಳಚಿ ಬಿರಹಿ ಗಂಗಾ ನದಿಗೆ ಬಿತ್ತು. ಬಿರಹಿ ಅಂದರೆ ಅಲಕನಂದೆಯ ಉಪನದಿ, ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆ. ಬಿದ್ದ ಕಲ್ಲುಮಣ್ಣು ನದಿಗೆ ಅಡ್ಡಲಾಗಿ ಸುಮಾರು 900 ಅಡಿ ಎತ್ತರದ ಅಣೆಕಟ್ಟಾಗಿ ನಿಂತಿತು. ಹಿಂದೆ ನೀರು ತುಂಬತೊಡಗಿತು. ಕೆಳಗೆ ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ಇನ್ನೂ ಕೆಳಗೆ ಹರಿದ್ವಾರ. ಯಾತ್ರೆಯ ದಾರಿ ಬೇರೆ.

ಅಲ್ಲಿಗೆ ಹೋದ ಇಂಜಿನಿಯರ್ ಲೆಫ್ಟಿನೆಂಟ್ ಕರ್ನಲ್ ಪುಲ್ಫರ್ಡ್ ನೀರು ಏರುವ ಲೆಕ್ಕ ಹಾಕಿ ನೋಡಿದರು. ಈ ಕಟ್ಟೆ ನಡುವೆ ಒಡೆಯುವುದಿಲ್ಲ, ನೀರು ತುಂಬಿ ಮೇಲೆ ಹರಿದಾಗಲೇ ಹೋಗುವುದು, ಅದು ಮುಂದಿನ ಆಗಸ್ಟಿನಲ್ಲಿ ಅಂತ ಅಂದಾಜು ಮಾಡಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದಿಂದ (ನಾವೆಲ್ಲ ಜಿಎಸ್‌ಐ ಅಂತ ಕರೆಯುವ ಸಂಸ್ಥೆ, ಹುಟ್ಟಿದ್ದು 1851ರಲ್ಲಿ) ಥಾಮಸ್ ಹಾಲೆಂಡ್ ಬಂದು ಅಧ್ಯಯನ ಮಾಡಿದರು. ಆಮೇಲೆ ನಡೆದದ್ದು ನೋಡಿ: ಗೋಹ್ನಾದಿಂದ ಹರಿದ್ವಾರದವರೆಗೆ ಹೊಸದಾಗಿ ಟೆಲಿಗ್ರಾಫ್ ತಂತಿ ಎಳೆದರು. ಕಣಿವೆಯುದ್ದಕ್ಕೂ ಕಂಬಗಳನ್ನು ಕಟ್ಟಿ, ಇದಕ್ಕಿಂತ ಮೇಲೆ ಹೋದರೆ ಬದುಕುತ್ತೀರಿ ಅಂತ ಗುರುತು ಮಾಡಿದರು. ತೂಗುಸೇತುವೆಗಳನ್ನು ಬಿಚ್ಚಿಟ್ಟರು. ಕಟ್ಟೆಯ ಹತ್ತಿರ ಒಬ್ಬ ಅಧಿಕಾರಿಯನ್ನು ಕಾವಲು ಕೂರಿಸಿದರು.

1894ರ ಆಗಸ್ಟ್ 25ರ ರಾತ್ರಿ ಕಟ್ಟೆ ಒಡೆಯಿತು. ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಸತ್ತವರು ಐದು ಜನ: ಒಬ್ಬ ಫಕೀರ ಮತ್ತು ಅವನ ಕುಟುಂಬ. ಅವರನ್ನೂ ಮೇಲಕ್ಕೆ ಕಳಿಸಿದ್ದರಂತೆ, ವಾಪಸ್ ಬಂದುಬಿಟ್ಟಿದ್ದರು.

ಬ್ರಿಟಿಷರನ್ನು ಹೊಗಳಬೇಕು ಅಂತ ಇದನ್ನು ಹೇಳುತ್ತಿಲ್ಲ, ಅವರ ರಸ್ತೆಗಳು ಮತ್ತು ಕಾಡು ಕಡಿತದಿಂದ ಎಷ್ಟು ಬೆಟ್ಟ ಜಾರಿವೆ ಅನ್ನುವುದು ಬೇರೆಯೇ ಲೆಕ್ಕ. ಹೇಳಬೇಕಾದದ್ದು ಇಷ್ಟು: ಆಗ ನೋಡುವ ಸಾಧನ ಬರಿಗಣ್ಣು. ಆದರೆ ನೋಡಿದ್ದನ್ನು ಕೆಳಗಿನ ಊರಿಗೆ ತಲುಪಿಸುವ ತಂತಿಯನ್ನು, ಕಂಬವನ್ನು ಮೊದಲೇ ನೆಟ್ಟಿದ್ದರು. ಈ ಎರಡು ಕೆಲಸಗಳನ್ನು, ಅಂದರೆ ನೋಡುವುದು ಮತ್ತು ಹೇಳುವುದನ್ನು, ಮುಂದೆ ಓದುವಾಗ ಬೇರೆಬೇರೆಯಾಗಿ ಇಟ್ಟುಕೊಳ್ಳಿ.

ಗೋಹ್ನಾ ನಂತರದ ಎಂಬತ್ತು ವರ್ಷ ಕೆಲಸವೆಲ್ಲ ಕಾಲ್ನಡಿಗೆಯದ್ದೇ. ಭೂವಿಜ್ಞಾನಿ ಸುತ್ತಿಗೆ, ದಿಕ್ಸೂಚಿ, ಟೋಪೋಶೀಟು ಹಿಡಿದು ಹೋಗುವುದು, ಕುಸಿದ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತಿಸುವುದು. ವಿಮಾನದಿಂದ ತೆಗೆದ ಫೋಟೋಗಳು ಬಂದಮೇಲೆ ಸ್ವಲ್ಪ ಸುಲಭವಾಯಿತು. ಒಂದೇ ಜಾಗದ ಎರಡು ಫೋಟೋಗಳನ್ನು ಸ್ಟೀರಿಯೋಸ್ಕೋಪಿನ ಕೆಳಗಿಟ್ಟು ನೋಡಿದರೆ ಬೆಟ್ಟ ಕಾಗದದಿಂದ ಎದ್ದು ನಿಲ್ಲುತ್ತದೆ. ಆದರೆ ಗಡಿಭಾಗದ ಫೋಟೋಗಳು ಗುಟ್ಟಿನ ದಾಖಲೆಗಳು, ಕೇಳಿದವರಿಗೆಲ್ಲ ಸಿಗುವಂಥವಲ್ಲ. 1968ರ ಅಕ್ಟೋಬರಿನಲ್ಲಿ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಮಳೆ ಸುರಿದು, 60 ಕಿಲೋಮೀಟರ್ ರಸ್ತೆ 92 ಕಡೆ ಕಡಿದುಹೋಯಿತು. ಅಂಥ ಹೊತ್ತಲ್ಲಿ ನಡೆದುಕೊಂಡು ಹೋಗಿ ಎಣಿಸುವುದಾದರೂ ಹೇಗೆ? ರಸ್ತೆ ಕಾಣುವ ಕಡೆಯ ಕುಸಿತಗಳು ಲೆಕ್ಕಕ್ಕೆ ಸಿಗುತ್ತವೆ. ಬೆಟ್ಟದ ಹಿಂದಿನವು ಇಲ್ಲ.

1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 80 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಒಂದೂವರೆ ಎಕರೆ! ಒಂದೂವರೆ ಎಕರೆಗೆ ಒಂದು ಬಣ್ಣ. 1988ರ ಮಾರ್ಚ್ 17ರಂದು ಬೆಂಗಳೂರಿನಲ್ಲಿ ತಯಾರಾದ ನಮ್ಮ ಐಆರ್‌ಎಸ್-1ಎ ಬೈಕನೂರಿನಿಂದ ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. ಅದರಲ್ಲಿದ್ದ ಉತ್ತಮ ಕ್ಯಾಮೆರಾದ ಚುಕ್ಕೆ 36 ಮೀಟರ್ ಚಿಲ್ಲರೆ, ಅಂದರೆ 13 ಗುಂಟೆ. ಸುಧಾರಣೆಯೇ. ಆದರೂ ಕುಸಿತಗಳು ಸಾಮಾನ್ಯವಾಗಿ ಅಗಲ ಕಡಿಮೆ, ಉದ್ದ ಜಾಸ್ತಿ. 20 ಮೀಟರ್ ಅಗಲದ ಗೀರು 36 ಮೀಟರಿನ ಚುಕ್ಕೆಯಲ್ಲಿ ಅರ್ಧ ಕಾಡು ಅರ್ಧ ಮಣ್ಣಾಗಿ ಕಲಸಿಹೋಗುತ್ತದೆ. ದೊಡ್ಡವು ಮಾತ್ರ ಕಾಣುತ್ತಿದ್ದವು.

ಕಾಣುವುದು ಹೇಗೆ ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ, ಬರಿ ಮಣ್ಣು ಅಷ್ಟಾಗಿ ಎಸೆಯುವುದಿಲ್ಲ. ಹಾಗಾಗಿ ಉಪಗ್ರಹದವರು ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡುತ್ತಾರೆ. ಇಸ್ರೋದ ಹಳೆಯ ಚಿತ್ರಗಳಲ್ಲಿ ಪಶ್ಚಿಮಘಟ್ಟ ಯಾಕೆ ರಕ್ತದ ಹಾಗೆ ಕೆಂಪು ಅಂತ ನಿಮಗೂ ಅನಿಸಿರಬಹುದು. ಅದು ಕಾಡು. ಅದರೊಳಗೆ ತಿಳಿನೀಲಿಯೋ ಬಿಳಿಯೋ ಆದ ಗೀರು ಕಂಡರೆ ಅಲ್ಲಿ ಎಲೆಯಿಲ್ಲ. ಎಲೆಯಿಲ್ಲದ್ದೆಲ್ಲ ಕುಸಿತವಲ್ಲ ಅನ್ನುವುದೇ ಮುಂದಿನ ತಲೆನೋವು. ಕಲ್ಲಿನ ಕ್ವಾರಿ, ಹೊಸ ರಸ್ತೆ, ಉತ್ತ ಹೊಲ, ಹೊಳೆಯ ಮರಳದಿಬ್ಬ, ಎಲ್ಲ ಒಂದೇ ಥರ ಹೊಳೆಯುತ್ತವೆ.

1998ರ ಆಗಸ್ಟ್. ಕೈಲಾಸ ಮಾನಸ ಸರೋವರದ ಯಾತ್ರಿಕರು ಪಿತೋರಗಢ ಜಿಲ್ಲೆಯ ಮಾಲ್ಪಾ ಅನ್ನುವ ತಂಗುದಾಣದಲ್ಲಿ ರಾತ್ರಿ ಮಲಗಿದ್ದಾಗ ಬೆಟ್ಟ ಬಂದು ಮೇಲೆ ಬಿತ್ತು. ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೋತಿಮಾ ಬೇಡಿ ಕೂಡ ಇದ್ದರು. ಅದೇ ತಿಂಗಳು ಊಖೀಮಠದ ಸುತ್ತಲಿನ ಹಳ್ಳಿಗಳಲ್ಲೂ ಸಾಲುಸಾಲು ಕುಸಿತ. ದಿಲ್ಲಿಯವರೆಗೆ ಸುದ್ದಿಯಾಗುವ ಸಾವುಗಳಾದ ಮೇಲೆ ಸರ್ಕಾರ ಎಚ್ಚೆತ್ತಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಗೆ (ಈಗಿನ ಎನ್‌ಆರ್‌ಎಸ್‌ಸಿ) ಕೆಲಸ ಹೋಯಿತು. 2001ರಲ್ಲಿ ಉತ್ತರಾಂಚಲ ಮತ್ತು ಹಿಮಾಚಲದ ಯಾತ್ರಾಮಾರ್ಗಗಳ ಉದ್ದಕ್ಕೂ ಎಲ್ಲೆಲ್ಲಿ ಕುಸಿತದ ಅಪಾಯ ಎಷ್ಟೆಷ್ಟು ಅಂತ ತೋರಿಸುವ ಅಟ್ಲಾಸ್ ಹೊರಬಂತು. ಉಪಗ್ರಹದ ಚಿತ್ರ ಮತ್ತು ಜಿಐಎಸ್ ಸೇರಿಸಿ ಮಾಡಿದ ನಮ್ಮ ಮೊದಲ ದೊಡ್ಡ ಕೆಲಸಗಳಲ್ಲಿ ಅದೂ ಒಂದು.

ಜಿಐಎಸ್ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ಕಂಪ್ಯೂಟರಿಗೆ ಮೊದಲು ಇದನ್ನೇ ಟ್ರೇಸಿಂಗ್ ಪೇಪರಿನಲ್ಲಿ ಮಾಡುತ್ತಿದ್ದರು. ಒಂದು ಹಾಳೆಯಲ್ಲಿ ಕಲ್ಲಿನ ಜಾತಿ, ಇನ್ನೊಂದರಲ್ಲಿ ಇಳಿಜಾರು, ಮತ್ತೊಂದರಲ್ಲಿ ಕಾಡೋ ಹೊಲವೋ, ಮಗದೊಂದರಲ್ಲಿ ನೀರಿನ ಒರತೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಕೆಳಗಿಂದ ದೀಪ ಹಾಕಿ, ಎಲ್ಲ ಕೆಟ್ಟದ್ದೂ ಒಂದೇ ಕಡೆ ಕೂಡಿದ ಜಾಗ ಯಾವುದು ಅಂತ ನೋಡುವುದು. ರೂರ್ಕಿಯ ಆರ್. ಅನ್ಬಳಗನ್ 1992ರಲ್ಲಿ ಇದಕ್ಕೆ ಅಂಕ ಕೊಡುವ ಪದ್ಧತಿ ಮಾಡಿದರು. ಒಟ್ಟು ಹತ್ತು ಅಂಕ: ಕಲ್ಲಿಗೆ 2, ಅದರ ಬಿರುಕು ಮತ್ತು ಪದರಗಳ ವಾಲಿಕೆಗೆ 2, ಇಳಿಜಾರಿಗೆ 2, ನೆಲದ ಬಳಕೆಗೆ 2, ಏರಿಳಿತಕ್ಕೆ 1, ಅಂತರ್ಜಲಕ್ಕೆ 1. ಪರೀಕ್ಷೆಗೆ ವಿರುದ್ಧ, ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕೆಟ್ಟದ್ದು. 1998ರಲ್ಲಿ ಭಾರತೀಯ ಮಾನಕ ಬ್ಯೂರೋ ಇದೇ ಪದ್ಧತಿಯನ್ನು ಮಾನಕವಾಗಿ ಪ್ರಕಟಿಸಿತು. ಈ ಹತ್ತು ಅಂಕದಲ್ಲಿ ಮಳೆಗೆ ಒಂದೂ ಇಲ್ಲ, ಗಮನಿಸಿದಿರಾ? ಮಳೆ, ಭೂಕಂಪ ಹೊರಗಿನ ಕಾರಣಗಳು ಅಂತ ಬಿಟ್ಟರು. ನಕ್ಷೆ 'ಎಲ್ಲಿ' ಅಂತ ಹೇಳುತ್ತದೆ, 'ಯಾವತ್ತು' ಅಂತ ಹೇಳುವುದಿಲ್ಲ. ಈ ಅರ್ಧಂಬರ್ಧ ಉತ್ತರದ ಸಮಸ್ಯೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

2005ರಲ್ಲಿ ಕಾರ್ಟೋಸ್ಯಾಟ್-1 ಹೋಯಿತು. ಅದರಲ್ಲಿ ಎರಡು ಕ್ಯಾಮೆರಾ, ಒಂದು ಮುಂದಕ್ಕೆ ವಾಲಿಕೊಂಡು, ಒಂದು ಹಿಂದಕ್ಕೆ. ಹಳೆಯ ಸ್ಟೀರಿಯೋಸ್ಕೋಪಿನ ಉಪಾಯವೇ, ಆಕಾಶದಿಂದ. ಚುಕ್ಕೆ 2.5 ಮೀಟರ್, ಅಂದರೆ ಒಂದು ಬಾತ್‌ರೂಮಿನಷ್ಟು ಜಾಗ. ಎರಡು ಚಿತ್ರ ಸೇರಿಸಿದರೆ ನೆಲದ ಎತ್ತರ ಸಿಗುತ್ತದೆ, ಎತ್ತರದಿಂದ ಇಳಿಜಾರು ಸಿಗುತ್ತದೆ. ಈಗ ಕ್ವಾರಿ, ಹೊಲ, ಮರಳದಿಬ್ಬಗಳನ್ನು ಬೇರೆ ಮಾಡಬಹುದು. ಸಪಾಟು ನೆಲದ ಮೇಲಿನ ಬಿಳಿಚುಕ್ಕೆ ಕುಸಿತ ಆಗಿರಲಾರದು, ತೆಗೆದುಹಾಕು. ನದಿಯ ಪಾತ್ರದಲ್ಲಿದೆಯಾ, ಅದನ್ನೂ ತೆಗೆ. ಅಡ್ಡಡ್ಡ ಹೋಗುತ್ತಿದೆಯಾ, ರಸ್ತೆ ಇರಬೇಕು. ಇಳಿಜಾರಿನ ದಿಕ್ಕಿನಲ್ಲೇ ಉದ್ದವಾಗಿ ಇಳಿದಿದೆಯಾ, ಹಿಡಿದುಕೋ. ಎನ್‌ಆರ್‌ಎಸ್‌ಸಿಯ ತಪಸ್ ಮಾರ್ಥಾ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಕೆಲಸದ ಸಾರ ಹೆಚ್ಚುಕಡಿಮೆ ಇದೇ. ಊಖೀಮಠದ ಸುತ್ತಮುತ್ತಲಿನ ಬೆಟ್ಟಗಳನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದರು. ಕಂಪ್ಯೂಟರ್ ನಾಲ್ಕರಲ್ಲಿ ಸುಮಾರು ಮೂರನ್ನು ಸರಿಯಾಗಿ ಗುರುತಿಸಿತು. ಈಗಿನ ಡೀಪ್ ಲರ್ನಿಂಗ್ ಕಾಲದಲ್ಲಿ ಇದು ಸಣ್ಣದು ಅನಿಸಬಹುದು. ಆದರೆ ಒಬ್ಬ ಅನುಭವಿ ಭೂವಿಜ್ಞಾನಿ ತಲೆಯೊಳಗೆ ಹೇಗೆ ಯೋಚಿಸುತ್ತಾನೋ ಅದನ್ನು ನಿಯಮಗಳಾಗಿ ಬರೆದದ್ದು ನನಗಂತೂ ಮಾಡೆಲ್ಲಿನ ಕಪ್ಪು ಡಬ್ಬಿಗಿಂತ ಹೆಚ್ಚು ಇಷ್ಟ. ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತಾದರೂ ಗೊತ್ತಾಗುತ್ತದೆ.

ಇಷ್ಟೆಲ್ಲ ಹಿಮಾಲಯದ ಕತೆ. ಪಶ್ಚಿಮಘಟ್ಟದ ಸರದಿ ತಡವಾಗಿ ಬಂತು. ನಮ್ಮದು ಹಳೆಯ, ಗಟ್ಟಿ ಕಲ್ಲು, ಇಲ್ಲಿ ಅಂಥದ್ದೇನೂ ಆಗುವುದಿಲ್ಲ ಅನ್ನುವ ನಂಬಿಕೆ ಇತ್ತು. ಕಲ್ಲು ಗಟ್ಟಿಯೇ. ಜಾರುವುದು ಅದರ ಮೇಲೆ ಸಾವಿರಾರು ವರ್ಷ ಕೊಳೆತು ಕೂತಿರುವ ಮಣ್ಣಿನ ಹೊದಿಕೆ.

2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ ಅನ್ನುವ ಹಳ್ಳಿಯ ಮೇಲೆ ಗುಡ್ಡ ಬಿದ್ದು 150ಕ್ಕೂ ಹೆಚ್ಚು ಜನ ಸತ್ತರು. ಇದನ್ನು ಮೊದಲು 'ಪತ್ತೆ' ಮಾಡಿದ್ದು ಯಾರು ಗೊತ್ತಾ? ಆ ಮಾರ್ಗದ ಸರ್ಕಾರಿ ಬಸ್ಸಿನ ಡ್ರೈವರ್. ದಿನಾ ಬರುವ ಊರಿಗೆ ಬಂದು ನೋಡಿದರೆ ಊರೇ ಇಲ್ಲ. ತಲೆಯ ಮೇಲೆ ಎಷ್ಟು ಉಪಗ್ರಹ ತಿರುಗುತ್ತಿದ್ದರೂ, ಹೊರಜಗತ್ತಿಗೆ ಸುದ್ದಿ ಹೋದದ್ದು ಕೆಂಪು ಬಸ್ಸಿನಿಂದ.

ಅದೇ ವರ್ಷ ಜಿಎಸ್‌ಐ ಇಡೀ ದೇಶದ ಕುಸಿತಪ್ರವಣ ಪ್ರದೇಶಗಳ ನಕ್ಷೆ ಮಾಡುವ ಯೋಜನೆ ಶುರು ಮಾಡಿತು. ದೇಶದ ಒಟ್ಟು ನೆಲದಲ್ಲಿ ಸುಮಾರು 12.6 ಶೇಕಡಾ ಇಂಥದ್ದು. ಅದರಲ್ಲಿ ಸುಮಾರು 90 ಸಾವಿರ ಚದರ ಕಿಲೋಮೀಟರ್ ಪಶ್ಚಿಮಘಟ್ಟ ಮತ್ತು ಕೊಂಕಣದ ಬೆಟ್ಟಗಳು. ನಕ್ಷೆಯ ಅಳತೆ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಈ ಅಳತೆಯಲ್ಲಿ ನಮ್ಮ ಬೆಂಗಳೂರಿನ ತರ್ಟಿ-ಫಾರ್ಟಿ ಸೈಟು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದೆ: 0.18 ಮಿಲಿಮೀಟರ್ ಅಗಲ, 0.24 ಮಿಲಿಮೀಟರ್ ಉದ್ದ. ಬಾಲ್‌ಪೆನ್ನಿನ ಚುಕ್ಕೆಗಿಂತ ಚಿಕ್ಕದು. ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ವೀಕೆಂಡ್ ಮನೆಗೆ ಜಾಗ ನೋಡುವವರಿಗೆ ಈ ಮಾತು. ಜಿಎಸ್‌ಐನ ಭೂಕೋಶ್ ಪೋರ್ಟಲ್ಲಿನಲ್ಲಿ ನಕ್ಷೆ ಪುಕ್ಕಟೆ ಸಿಗುತ್ತದೆ, ನೋಡಿ. ಆದರೆ ಅದು ಹೇಳುವುದು ಆ ಗುಡ್ಡದ ಸ್ವಭಾವವನ್ನು. ನಿಮ್ಮ ಬ್ರೋಕರು ಜೆಸಿಬಿ ತಂದು ನಿಮ್ಮ ಸೈಟಿನ ಹಿಂದೆ ಹದಿನೈದಡಿ ಬರೆ ಕಡಿದದ್ದು ಅದರಲ್ಲಿ ಕಾಣುವುದಿಲ್ಲ.

2018ರಲ್ಲಿ ಕೊಡಗಿನಲ್ಲಿ ನಡೆದದ್ದು ಹೆಚ್ಚಾಗಿ ಇದೇ. ಆಗಸ್ಟ್ ನಡುವಿನ ಆ ಕೆಲವು ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಹೀಗೆ ಹೆಸರು ಕೇಳಿರದ ಊರುಗಳೆಲ್ಲ ಪೇಪರಿನ ಮೊದಲ ಪುಟಕ್ಕೆ ಬಂದವು. 'ಜಲಸ್ಫೋಟ' ಅಂದರು ಕೆಲವರು, ಭೂಕಂಪ ಅಂದರು ಕೆಲವರು. ಸ್ಥಳ ನೋಡಿದ ಭೂವಿಜ್ಞಾನಿಗಳು ಹೇಳಿದ್ದು ಅಷ್ಟು ರೋಚಕವಾಗಿರಲಿಲ್ಲ: ಅತಿಯಾದ ಮಳೆ, ಜೊತೆಗೆ ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಮನೆ, ತೋಟದ ಮಟ್ಟಗಳು, ನೀರು ಹೋಗುವ ದಾರಿ ಮುಚ್ಚಿದ್ದು. ಮೇಲಿನಿಂದ ತೆಗೆದ ಚಿತ್ರ ಇಂಥ ವಾದಗಳನ್ನು ತೀರ್ಮಾನ ಮಾಡಲು ಸಹಾಯ ಮಾಡುತ್ತದೆ. ಗೀರು ಎಲ್ಲಿಂದ ಶುರುವಾಗಿದೆ, ಕಾಡಿನ ನೆತ್ತಿಯಿಂದಲೋ ರಸ್ತೆಯ ಅಂಚಿನಿಂದಲೋ, ಅದು ಕಾಣುತ್ತದಲ್ಲ. ಆರು ವರ್ಷ ಬಿಟ್ಟು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಟೀ ಅಂಗಡಿಯನ್ನೂ ಲಾರಿಯನ್ನೂ ತಳ್ಳಿಕೊಂಡು ಗಂಗಾವಳಿ ನದಿಗೆ ಬಿದ್ದಾಗ, ಅದರ ತಲೆ ಹೆದ್ದಾರಿಗೆಂದು ಕಡಿದ ಬರೆಯ ಮೇಲೇ ಇತ್ತು. ನದಿಯಲ್ಲೆದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಹೊಡೆಯಿತು.

2023ರಲ್ಲಿ ಎನ್‌ಆರ್‌ಎಸ್‌ಸಿ ಭಾರತದ ಭೂಕುಸಿತ ಅಟ್ಲಾಸ್ ಪ್ರಕಟಿಸಿತು. 1998ರಿಂದ 2022ರವರೆಗಿನ ಸುಮಾರು 80 ಸಾವಿರ ಕುಸಿತಗಳು, 17 ರಾಜ್ಯ ಮತ್ತು 2 ಕೇಂದ್ರಾಡಳಿತ ಪ್ರದೇಶಗಳ 147 ಜಿಲ್ಲೆಗಳು. ದಫ್ತರು ಅಂದೆನಲ್ಲ, ಇದು ಅದೇ. ಜಿಲ್ಲೆಗಳಿಗೆ ರ‍್ಯಾಂಕ್ ಬೇರೆ ಕೊಟ್ಟಿದ್ದಾರೆ. ಮೊದಲಿಗೆ ರುದ್ರಪ್ರಯಾಗ, ಆಮೇಲೆ ಟೆಹ್ರಿ, ಮೂರನೆಯದು ಕೇರಳದ ತ್ರಿಶೂರ್. ಕೊಡಗು 12, ವಯನಾಡು 13. ಕುಸಿತಗಳ ಸಂಖ್ಯೆಯಲ್ಲಿ ಮಿಜೋರಾಂ ಎಲ್ಲರಿಗಿಂತ ಮುಂದಿದ್ದರೂ ತ್ರಿಶೂರ್ ಮೂರನೆಯದು ಹೇಗಾಯಿತು ಅಂದರೆ, ಈ ರ‍್ಯಾಂಕು ಬೆಟ್ಟದ್ದಷ್ಟೇ ಅಲ್ಲ. ಕುಸಿತದ ದಾರಿಯಲ್ಲಿ ಎಷ್ಟು ಜನ, ಎಷ್ಟು ಮನೆ, ಎಷ್ಟು ರಸ್ತೆ ಇವೆ ಅನ್ನುವುದನ್ನೂ ಸೇರಿಸಿದ್ದಾರೆ. ಘಟ್ಟದಲ್ಲಿ ಕುಸಿತಗಳು ಕಡಿಮೆ, ಆದರೆ ಜನ ದಟ್ಟ. ಒಂದೊಂದು ಗೀರಿನ ಕೆಳಗೂ ಯಾರದೋ ಅಡುಗೆಮನೆ ಇರುತ್ತದೆ.

13ನೇ ರ‍್ಯಾಂಕಿನ ವಯನಾಡಿನ ಕಡೆಗೆ ಬರೋಣ. 2024ರ ಜುಲೈ 30ರ ನಡುರಾತ್ರಿ ಕಳೆದ ಮೇಲೆ ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಕಲ್ಲುಮಣ್ಣಿನ ಪ್ರವಾಹ ಒಯ್ದಿತು. 250ಕ್ಕೂ ಹೆಚ್ಚು ಜನ ಸತ್ತರು. ಮೋಡ ಕವಿದಿದ್ದರಿಂದ ಮಾಮೂಲಿ ಕ್ಯಾಮೆರಾಕ್ಕೆ ಮಳೆಗಾಲದ ಘಟ್ಟ ಕಾಣುವುದು ಕಷ್ಟ. ಇದು ಈ ಇಡೀ ವಿದ್ಯೆಯ ದೊಡ್ಡ ವ್ಯಂಗ್ಯ: ಕುಸಿತ ಆಗುವುದು ಮೋಡ ಇರುವಾಗ, ಚಿತ್ರ ಚೆನ್ನಾಗಿ ಬರುವುದು ಮೋಡ ಹೋದಮೇಲೆ. ಮೋಡದೊಳಗೂ ನೋಡುವ ರೇಡಾರ್ ಉಪಗ್ರಹ ರಿಸ್ಯಾಟ್ 31ರಂದು ಚಿತ್ರ ತೆಗೆಯಿತು. ಅದರ ಜೊತೆ ಹೋಲಿಸಲು ಇಟ್ಟುಕೊಂಡ ಕಾರ್ಟೋಸ್ಯಾಟ್-3ರ ಹಳೆಯ ಚಿತ್ರ 2023ರ ಮೇ 22ರದ್ದು. ಲೆಕ್ಕ ಸಿಕ್ಕಿತು: ಕಳಚಿಕೊಂಡ ಜಾಗ 86 ಸಾವಿರ ಚದರ ಮೀಟರ್, ಅಂದರೆ 21 ಎಕರೆ. ಶುರುವಾದದ್ದು ಸಮುದ್ರಮಟ್ಟದಿಂದ 1550 ಮೀಟರ್ ಎತ್ತರದಲ್ಲಿ. ಹರಿದದ್ದು ಸುಮಾರು 8 ಕಿಲೋಮೀಟರ್. ಅದೇ ವರದಿಯ ಇನ್ನೊಂದು ಸಾಲು: ಅದೇ ಜಾಗದಲ್ಲಿ ಹಳೆಯ ಕುಸಿತದ ಗುರುತು ಇತ್ತು. ಮುಂಡಕ್ಕೈಯಲ್ಲಿ 1984ರಲ್ಲಿ ಗುಡ್ಡ ಜಾರಿ ಜನ ಸತ್ತಿದ್ದರು. ಪಕ್ಕದ ಪುತ್ತುಮಲದಲ್ಲಿ 2019ರಲ್ಲಿ 17 ಜನ.

ಅಂದರೆ 'ಎಲ್ಲಿ' ಅನ್ನುವುದು ಗೊತ್ತಿತ್ತು. 'ಯಾವತ್ತು' ಅನ್ನುವುದಕ್ಕೆ ಏನಿತ್ತು? ಜಿಎಸ್‌ಐ ತನ್ನ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಕೋಲ್ಕತ್ತಾದಲ್ಲಿ ಉದ್ಘಾಟಿಸಿದ್ದು ಜುಲೈ 19ಕ್ಕೆ, ಹನ್ನೊಂದು ದಿನ ಮೊದಲು. ಆಮೇಲೆ ಯಾರು ಎಚ್ಚರಿಸಿದ್ದರು, ಯಾರು ಕೇಳಲಿಲ್ಲ ಅಂತ ಕೇಂದ್ರಕ್ಕೂ ಕೇರಳಕ್ಕೂ ಜಟಾಪಟಿಯಾದಾಗ, ಆ ಎರಡು ದಿನಕ್ಕೆ ವಯನಾಡಿಗೆ ಜಿಎಸ್‌ಐ ಕೊಟ್ಟದ್ದು ಹಸಿರು ಸೂಚನೆ ಅಂತ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಅವರೇ ಕೊಟ್ಟ ಮಳೆಯ ಲೆಕ್ಕ 48 ಗಂಟೆಯಲ್ಲಿ 572 ಮಿಲಿಮೀಟರ್. ಇನ್ನೊಂದು ಕಡೆ, ಕಲ್ಪೆಟ್ಟದ ಹ್ಯೂಮ್ ಸೆಂಟರ್ ಅನ್ನುವ ಸಣ್ಣ ಸಂಸ್ಥೆ ವಯನಾಡಿನುದ್ದಕ್ಕೂ ಮಳೆಮಾಪಕಗಳನ್ನು ಇಟ್ಟು ದಿನಾ ಅಳತೆ ತರಿಸಿಕೊಳ್ಳುತ್ತದೆ. ಅವರು 29ರ ಬೆಳಿಗ್ಗೆಯೇ, ಸುಮಾರು 16 ಗಂಟೆ ಮೊದಲು, ಮುಂಡಕ್ಕೈ ಕಡೆ ಕುಸಿತ ಆಗಬಹುದು ಅಂತ ಜಿಲ್ಲಾಡಳಿತಕ್ಕೆ ಹೇಳಿದ್ದರು. ಒಂದು ಕೊಳವೆ, ಒಂದು ಅಳತೆಪಟ್ಟಿ, ಬೆಳಿಗ್ಗೆ ಎದ್ದು ನೋಡಿ ಬರೆದುಕೊಳ್ಳುವ ಒಬ್ಬ ಮನುಷ್ಯ. ಕೊಡಗಿನ ಹಳೆಯ ತೋಟದ ಮನೆಗಳಲ್ಲೂ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಟ್ಟ ಪುಸ್ತಕಗಳು ಸಿಗುತ್ತವೆ. ಸರ್ಕಾರಿ ಲೆಕ್ಕದಲ್ಲೂ ಕರ್ನಾಟಕ ಹಿಂದೆ ಬಿದ್ದಿಲ್ಲ, ಗ್ರಾಮ ಪಂಚಾಯ್ತಿ ಮಟ್ಟದವರೆಗೆ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳಿವೆ. ನಕ್ಷೆಯ ಕೆಂಪು ಜಾಗದ ಮೇಲೆ ಇವತ್ತಿನ ಮಳೆಯ ಅಂಕಿಯನ್ನು ಕೂರಿಸುವುದು ತಾಂತ್ರಿಕವಾಗಿ ಕಷ್ಟವಲ್ಲ. ಕಷ್ಟ ಇರುವುದು ರಾತ್ರಿ ಹತ್ತಕ್ಕೆ ಯಾರು ಯಾರಿಗೆ ಫೋನ್ ಮಾಡಿ ಮನೆ ಖಾಲಿ ಮಾಡಿಸಬೇಕು ಅನ್ನುವಲ್ಲಿ.

ನೋಡಿದ್ದನ್ನು ಹೇಳುವ ವಿಷಯಕ್ಕೆ ಬಂದರೆ ಗೋಹ್ನಾದ ಜಿಲ್ಲೆಗೇ ವಾಪಸ್ ಹೋಗಬೇಕು. 2021ರ ಫೆಬ್ರವರಿ 7ರಂದು ಚಮೋಲಿಯ ರೋಂತಿ ಶಿಖರದಿಂದ ಸುಮಾರು 2.7 ಕೋಟಿ ಘನ ಮೀಟರ್ ಕಲ್ಲು ಮತ್ತು ಹಿಮ ಕಳಚಿ ಬಿದ್ದು, 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹೆಚ್ಚಿನವರು ಜಲವಿದ್ಯುತ್ ಯೋಜನೆಗಳ ಕೆಲಸಗಾರರು. ಹಿಮಸರೋವರ ಒಡೆದದ್ದು ಅಂತ ಇಲ್ಲಿ ಸುದ್ದಿಯಾಗುತ್ತಿದ್ದಾಗ, ಕೆನಡಾದ ಕ್ಯಾಲ್ಗರಿಯಲ್ಲಿ ಕೂತ ಡ್ಯಾನ್ ಶುಗರ್ ಅನ್ನುವ ವಿಜ್ಞಾನಿ ಉಪಗ್ರಹ ಚಿತ್ರ ನೋಡಿ ಇದು ಬೆಟ್ಟದ ಇಳಿಜಾರೇ ಕಳಚಿದ್ದು ಅಂತ ಗುರುತಿಸಿದರು. ಹಳೆಯ ಚಿತ್ರ ತೆಗೆದು ನೋಡಿದರೆ ಆ ಜಾಗದಲ್ಲಿ ಕೆಲವು ವರ್ಷಗಳಿಂದ ಬಿರುಕು ಅಗಲವಾಗುತ್ತಾ ಬಂದದ್ದು ಕಾಣಿಸುತ್ತಿತ್ತು. ಚಿತ್ರಗಳು ಪುಕ್ಕಟೆಯಾಗಿ ಸರ್ವರಿನಲ್ಲಿ ಬಿದ್ದಿದ್ದವು. ಹಿಮಾಲಯದ ಲಕ್ಷಾಂತರ ಇಳಿಜಾರುಗಳಲ್ಲಿ ಅದನ್ನೇ ನೋಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಇದು ನೋಡದೆ ಹೋದದ್ದು. ನೋಡಿಯೂ ಹೇಳದೆ ಇದ್ದದ್ದು ಅದೇ ಜಿಲ್ಲೆಯ ಜೋಶಿಮಠದಲ್ಲಿ. ಆ ಊರು ನಿಂತಿರುವುದೇ ಪುರಾತನ ಕುಸಿತದ ರಾಶಿಯ ಮೇಲೆ, ದೊಡ್ಡ ಕಟ್ಟಡ ಬೇಡ ಅಂತ 1976ರಲ್ಲೇ ಮಿಶ್ರಾ ಸಮಿತಿ ಹೇಳಿತ್ತು. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟವು. ಎನ್‌ಆರ್‌ಎಸ್‌ಸಿ ಉಪಗ್ರಹದ ಅಳತೆ ಪ್ರಕಟಿಸಿತು: 2022ರ ಡಿಸೆಂಬರ್ 27ರಿಂದ ಜನವರಿ 8ರವರೆಗಿನ ಹನ್ನೆರಡು ದಿನದಲ್ಲಿ 5.4 ಸೆಂಟಿಮೀಟರ್ ಕುಸಿದಿದೆ. ಅದಕ್ಕೂ ಮೊದಲಿನ ಏಳು ತಿಂಗಳಲ್ಲಿ 8.9 ಸೆಂಟಿಮೀಟರ್. ಸುದ್ದಿ ದೇಶವೆಲ್ಲ ಹಬ್ಬಿತು. ಮಾಧ್ಯಮದವರ ಜೊತೆ ಮಾತಾಡಬೇಡಿ ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವೈಜ್ಞಾನಿಕ ಸಂಸ್ಥೆಗಳಿಗೆ ಸೂಚನೆ ಕೊಟ್ಟಿತು. ವರದಿ ಜಾಲತಾಣದಿಂದ ಮಾಯವಾಯಿತು. ಗೊಂದಲ ಆಗಬಾರದು ಅನ್ನುವುದು ಅವರ ಕಾರಣ. ಗಾಬರಿ ಹುಟ್ಟಿಸುವ ಚಾನೆಲ್ಲುಗಳನ್ನು ನೋಡಿದವರಿಗೆ ಆ ಕಾರಣ ಪೂರ್ತಿ ಸುಳ್ಳು ಅನಿಸುವುದಿಲ್ಲ. ಆದರೂ, ಬಿರುಕು ಬಿಟ್ಟ ಗೋಡೆಯ ಪಕ್ಕ ಮಲಗುವವರಿಗೆ ತಮ್ಮ ಕೆಳಗಿನ ನೆಲ ಎಷ್ಟು ಇಳಿದಿದೆ ಅಂತ ಗೊತ್ತಾಗಬಾರದು ಅನ್ನುವುದು ಯಾವ ನಿರ್ವಹಣೆ? ಅಲ್ಲಿಂದ ಬೆಟ್ಟಗಳಾಚೆಯ ಕಣಿವೆಯಲ್ಲಿ 129 ವರ್ಷದ ಹಿಂದೆ ತಂತಿ ಎಳೆದಿದ್ದರು.

ಹೊಸ ಅಧ್ಯಾಯ 2025ರ ಜುಲೈ 30ರಂದು ಶುರುವಾಗಿದೆ. ಮಾಳಿಣದ ದಿನ, ವಯನಾಡಿನ ದಿನ, ಬರೀ ಕಾಕತಾಳೀಯ. ಶ್ರೀಹರಿಕೋಟಾದಿಂದ ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಹಾರಿತು. ಎರಡು ತರಂಗಗಳ ರೇಡಾರ್. ನಾಸಾದ್ದು 24 ಸೆಂಟಿಮೀಟರ್ ಅಲೆ, ಎಲೆಗಳ ನಡುವೆ ತೂರಿ ನೆಲ ಮುಟ್ಟುವುದರಲ್ಲಿ ಗಟ್ಟಿಗ. ಒಂದೇ ಜಾಗದ ಮೇಲೆ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಹಾದುಹೋಗಿ, ಹಿಂದಿನ ಅಳತೆಗೂ ಈಗಿನದಕ್ಕೂ ನೆಲ ಎಷ್ಟು ಸರಿದಿದೆ ಅಂತ ಸೆಂಟಿಮೀಟರುಗಳಲ್ಲಿ ಹೇಳುತ್ತದೆ. ಜೋಶಿಮಠದಂಥ ನಿಧಾನದ ಜಾರುವಿಕೆಗೆ ಇದು ಹೇಳಿಮಾಡಿಸಿದ್ದು. ಘಟ್ಟದ ಕುಸಿತಗಳು ಬೇರೆ ಥರ, ಎರಡು ದಿನ ಮಳೆ ಕುಡಿದು ಕೆಲವೇ ನಿಮಿಷಗಳಲ್ಲಿ ಕೆಳಗಿರುತ್ತವೆ. 12 ದಿನಕ್ಕೊಮ್ಮೆ ಬರುವವನಿಗೆ ಅದು ಸಿಕ್ಕುವುದು ಅದೃಷ್ಟ. ಕೊಡಗಿಗೆ, ವಯನಾಡಿಗೆ, ಶಿರೂರಿಗೆ ಮಳೆಮಾಪಕವೇ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಸಾರಿನಲ್ಲಿ ನನಗೆ ಖುಷಿ ಕೊಟ್ಟದ್ದು ಒಪ್ಪಂದದ ಒಂದು ಅಂಶ: ದತ್ತಾಂಶ ಎಲ್ಲರಿಗೂ ಮುಕ್ತ. ನಾಸಾ ರೇಡಾರಿನ ಅಂಕಿಗಳು ಅಲಾಸ್ಕದ ಕೇಂದ್ರದ ಮೂಲಕವೂ ಸಿಗುತ್ತವೆ. ಇಲ್ಲಿ ಒಂದು ಪುಟ ಅಳಿಸಿದರೆ ಅಲ್ಲಿಯದು ಅಳಿಸುವುದಿಲ್ಲ. ಮಡಿಕೇರಿಯಲ್ಲಿ ಕೂತ ಒಬ್ಬ ಕಾಲೇಜು ಹುಡುಗಿ ತನ್ನೂರಿನ ಗುಡ್ಡದ ಲೆಕ್ಕವನ್ನು ತಾನೇ ಇಳಿಸಿಕೊಂಡು ನೋಡಬಹುದು. ಆಷಾಢದ ಮಳೆಯಲ್ಲಿ ಅಲ್ಲಿ ಕರೆಂಟೂ ನೆಟ್ಟೂ ಇದ್ದರೆ.